ದೂರದೇಶದ ಸಾಹಸದ ಪುಸ್ತಕ ಯಾವು ಕೊಡಿಸಲಿ? ಕೊಡಿಸಿದವರು ನಿಮ್ಮ ಅನುಭವ ಹೇಳ್ರಿ

ವಾಡಿ ತಾಯಿ:
ಎಲ್ಲರಿಗೂ ಶರಣು. ನನ್ನ ಮಗಳು ಏಳನೇ ಕ್ಲಾಸು, ಕನ್ನಡ ಮಾಧ್ಯಮ. ಸಾಲಿ ಕಪಾಟಿನ್ಯಾಗಿನ ಪುಸ್ತಕ ಎಲ್ಲಾ ಓದಿ ಮುಗಿಸ್ಯಾಳ. ಈಗ ಸಮುದ್ರ, ಹಿಮ, ಮರಳುಗಾಡು, ಅಲ್ಲಿ ಹೋದವರು ಏನು ತಿಂದ್ರು, ಎಲ್ಲಿ ಮಲಗಿದ್ರು, ಅಲ್ಲಿನ ಮಂದಿ ಹೆಂಗ ಬಾಳೇ ಮಾಡ್ತಾರ, ಇದ ಬೇಕು ಅಕಿಗೆ. ಅವರಪ್ಪಂದು ಸಿಮೆಂಟ್ ಫ್ಯಾಕ್ಟರಿಯಾಗ ಶಿಫ್ಟ್ ಕೆಲಸ, ಈ ಸಲದ ಬೋನಸಿನ್ಯಾಗ 2,500 ರೂಪಾಯಿ ಪುಸ್ತಕಕ್ಕಂತ ತಗದಿಟ್ಟಾರ. ಕನ್ನಡದಾಗ ಸಿಗತಾವೇನು, ಇಂಗ್ಲಿಷ್ ತರಬೇಕೇನು? ಖರೇ ಪ್ರಯಾಣದ್ದು ಛಲೋನೋ, ಕಥಿ ಛಲೋನೋ? ಒಂದು ಮಾತು, ಸಾವಿನ ಸುದ್ದಿ ಓದಿದ್ರ ರಾತ್ರಿ ನಿದ್ದಿ ಮಾಡಂಗಿಲ್ಲ ಅಕಿ. ಇಲ್ಲಿ ಪುಸ್ತಕದ ಅಂಗಡಿ ಅಂದ್ರ ಗೈಡು, ನೋಟ್‌ಬುಕ್ಕು ಅಷ್ಟ.

ಸೇಡಂ ಮಾಸ್ತರ:
ತಂಗಿ, 31 ವರ್ಷ ಮಾಸ್ತರಿಕಿ ಮಾಡಿ ರಿಟೈರ್ ಆಗೀನಿ. ನನ್ನ ಅನುಭವ ಒಂದೇ ಪುಸ್ತಕದ್ದು, ಅದನ್ನ ಪೂರಾ ಹೇಳತೀನಿ.

ತೇಜಸ್ವಿಯವರ ‘ಮಹಾಪಲಾಯನ’. ಸೈಬೀರಿಯಾದ ಕೈದಿಗಳ ಶಿಬಿರದಿಂದ 1941ರಾಗ ಏಳು ಮಂದಿ ತಪ್ಪಿಸಿಕೊಂಡು ಗೋಬಿ ಮರಳುಗಾಡು, ಟಿಬೆಟ್, ಹಿಮಾಲಯ ದಾಟಿ ಭಾರತದ ತನಕ ನಡಕೋತ ಬರೋ ಕಥಿ. ಸ್ಲಾವೊಮೀರ್ ರಾವಿಚ್ ಅನ್ನೋ ಪೋಲೆಂಡಿನ ಸೈನಿಕ ತನ್ನ ಸ್ವಂತ ಅನುಭವ ಅಂತ ಹೇಳಿದ ಇಂಗ್ಲಿಷ್ ಪುಸ್ತಕದ ಕನ್ನಡ ರೂಪ ಅದು. ಶನಿವಾರದ ಕಡೇ ಪಿರಿಯಡ್ಡಿನ್ಯಾಗ ಒಂಬತ್ತು ವರ್ಷ ಒಂಬತ್ತು ಬ್ಯಾಚಿಗೆ ಓದಿ ಹೇಳೀನಿ. ಗೋಬಿಯಾಗ ನೀರು ಸಿಗದ ಭಾಗ ಬಂದ್ರ ಹಿಂದಿನ ಬೆಂಚಿನ ಹುಡುಗೊಬ್ಬ ತನ್ನ ನೀರಿನ ಬಾಟಲಿ ಎದುರಿಗೆ ಇಟ್ಟುಕೊಂಡು ಮುಚ್ಚಳಕ್ಕ ಕೈ ಹಚ್ಚತಿದ್ದಿಲ್ಲ. ಮಾರ್ಚ್ ತಿಂಗಳ ಸೇಡಂ ಬಿಸಲು, ಮ್ಯಾಲ ತಗಡು. ಅವರಿಗೆ ನೀರು ಸಿಗೋ ತನಕ ತಾನೂ ಕುಡಿಯೂದಿಲ್ಲಂತ ಅವನ ಹಟ. ತುಟಿ ಒಣಗಿ ಬಿಳೀ ಆಗಿದ್ವು.

ಮೂರು ಪ್ರತಿ ಕೊಂಡೀನಿ. ಮೊದಲನೇದು ಒಯ್ದವ ತಿರುಗಿ ಕೊಡಲಿಲ್ಲ. ಎರಡನೇದರ ಮ್ಯಾಲ ಶ್ರಾವಣದಾಗ ತಗಡಿನ ಸಂದಿಯಿಂದ ನೀರು ಸೋರಿ ಹಾಳೆಗೆ ಹಾಳೆ ಅಂಟಿ ಹಪ್ಪಳ ಆತು. ಮೂರನೇದು ಬೆಂಗಳೂರಿಂದ ವಿ.ಪಿ.ಪಿ. (ಅಂಚೆಯವ ತಂದಾಗ ರೊಕ್ಕ ಕೊಡೂದು) ಮಾಡಿಸಿ ತರಿಸೀನಿ, ಪುಸ್ತಕದ ಬೆಲೆಯ ಅರ್ಧದಷ್ಟು ಅಂಚೆಗೇ ಹೋತು. ಎಲ್ಲಾ ನನ್ನ ಪಗಾರದ್ದು.

2019ರಾಗ ಪುಣೆಯಿಂದ ಹಳೇ ವಿದ್ಯಾರ್ಥಿ ಫೋನ್ ಮಾಡಿದ. ‘ಸರ್, ಆ ನಡಿಗಿ ರಾವಿಚ್ ನಡದದ್ದಲ್ಲಂತ. 2006ರಾಗ ಬಿ.ಬಿ.ಸಿ. ರೇಡಿಯೋದವರು ಸೋವಿಯತ್ ಕಾಗದ ಹುಡುಕಿ ತಗದಾರ. 1942ರಾಗ ಅವನಿಗೆ ಕ್ಷಮಾದಾನ ಸಿಕ್ಕು ಬಿಡುಗಡಿ ಆಗಿ, ಇರಾನಿನ ನಿರಾಶ್ರಿತರ ಶಿಬಿರಕ್ಕ ಹೋಗಿದ್ದನಂತ.’ ಬಾಟಲಿ ಮುಚ್ಚಳ ತೆಗೀದ ಹುಡುಗ ಇವನೇ. ಮೂರು ದಿನ ನನಗ ಊಟ ಸೇರಲಿಲ್ಲ. ತೇಜಸ್ವಿಯವರ ತಪ್ಪು ಏನೂ ಇಲ್ಲ, ಅವರು ಬರೆದಾಗ ಈ ಕಾಗದ ಯಾರ ಕೈಗೂ ಬಂದಿದ್ದಿಲ್ಲ. ಆದ್ರ ‘ಇದು ನಡೆದದ್ದು, ಒಬ್ಬ ಮನುಷ್ಯ ಇಷ್ಟು ತಾಳಿಕೊಂಡಾನ’ ಅಂತ ಒಂಬತ್ತು ವರ್ಷ ಮಕ್ಕಳ ಮುಂದ ನಿಂತು ಹೇಳಿದವ ನಾನು.

ಗಂಜ್ ವ್ಯಾಪಾರಿ, ಕಲಬುರಗಿ:
ಮಾಸ್ತರ್ರೆ, ಖರೇ ಇದ್ರೇನು, ಇಲ್ಲದಿದ್ರೇನು? ಹುಡುಗ ನೀರು ಕುಡೀದೆ ಕುಂತದ್ದು ಖರೇ ಹೌದಲ್ಲ? ಅಷ್ಟಾದ್ರ ಪುಸ್ತಕದ ಕೆಲಸ ಆತು.

ನಾನು ತೊಗರಿ ವ್ಯಾಪಾರ ಮಾಡಾವ, ಡಿಗ್ರಿ ಅರ್ಧಕ್ಕ ಬಿಟ್ಟೀನಿ. ಹೈದರಾಬಾದಿಗೆ ಮಾಲು ಕಳಿಸಿದಾಗ ಭಾನುವಾರ ಉಳಕೊಂಡು ಅಬಿಡ್ಸ್ ಫುಟ್‌ಪಾತಿನ್ಯಾಗ ಹಳೇ ಪುಸ್ತಕ ಹುಡುಕೂದು ನನ್ನ ಚಟ. ಅಲ್ಲೇ 60 ರೂಪಾಯಿಗೆ ಶ್ಯಾಕಲ್‌ಟನ್ ಪುಸ್ತಕ ಸಿಕ್ತು, ಆಲ್ಫ್ರೆಡ್ ಲ್ಯಾನ್ಸಿಂಗ್ ಬರೆದದ್ದು. ಬೆನ್ನು ಹರಿದಿತ್ತು, ಬೈಂಡಿಂಗಿಗೆ ಮತ್ತ 80. ಶ್ಯಾಕಲ್‌ಟನ್ ಮುಂದಾಳಾಗಿ ದಕ್ಷಿಣ ಧ್ರುವದ ಕಡಿ ಹೊಂಟ ‘ಎಂಡ್ಯೂರೆನ್ಸ್’ ಹಡಗು 1915ರ ಜನವರಿಯಾಗ ಹಿಮದಾಗ ಸಿಕ್ಕಿಬಿತ್ತು, ನವೆಂಬರದಾಗ ಮುಳುಗೇ ಹೋತು. 28 ಮಂದಿ ಹಿಮದ ಹಾಸಿನ ಮ್ಯಾಲ ಡೇರೆ ಹಾಕಿ, ಸೀಲು, ಪೆಂಗ್ವಿನ್ ತಿಂದು, ಕಡೀಕ ಎಲಿಫೆಂಟ್ ದ್ವೀಪ ಮುಟ್ಟಿದ್ರು. ಅಲ್ಲಿಂದ ಆರು ಮಂದಿ ಸಣ್ಣ ದೋಣಿಯಾಗ ಸುಮಾರು 1,300 ಕಿಲೋಮೀಟರ್ ಸಮುದ್ರ ದಾಟಿ ದಕ್ಷಿಣ ಜಾರ್ಜಿಯಾಕ್ಕ ಹೋಗಿ, ಮುಂದ ನಾಲ್ಕನೇ ಸಲದ ಪ್ರಯತ್ನಕ್ಕ ಉಳಿದವರನ್ನೂ ಕರಕೊಂಡು ಬಂದ್ರು. 1916ರ ಆಗಸ್ಟ್ 30. ಒಬ್ಬನೂ ಸಾಯಲಿಲ್ಲ! ಲಾಕ್‌ಡೌನಿನ್ಯಾಗ ಗೋದಾಮಿನ ಮಾಲಿಗೆ ನುಸಿ ಹತ್ತಿ 3,40,000 ರೂಪಾಯಿ ಲುಕ್ಸಾನು ಆದಾಗ ಪ್ರತಿ ರಾತ್ರಿ ಹತ್ತು ಪುಟ ಓದಿ ಮಲಗತಿದ್ದೆ. ಆ ಪುಸ್ತಕ ಇಲ್ಲದಿದ್ರ ನಾನು ಅಂಗಡಿ ಮುಚ್ಚತಿದ್ದೆ.

ಸೇಡಂ ಮಾಸ್ತರ:
‘ಖರೇ ಇದ್ರೇನು ಇಲ್ಲದಿದ್ರೇನು’ ಅನ್ನೋ ನೀವೇ ಎರಡು ಸಾಲು ಬಿಟ್ಟು ತಾರೀಖು ಹೇಳತೀರಿ. ಯಾಕ? ಅದು ನಡೆದದ್ದು ಅನ್ನೋ ಧೈರ್ಯ ನಿಮಗ ಬೇಕಾಗ್ಯದ. ನನ್ನ ಮಕ್ಕಳಿಗೂ ಅದೇ ಬೇಕಾಗಿತ್ತು. ಕಥಿ ಅಂತ ಹೇಳಿ ಓದಿದ್ರ ಬ್ಯಾರೆ ಮಾತು. ಖರೇ ಅಂತ ಆಣಿ ಮಾಡಿ ಓದಿದವನ ಸಂಕಟ ತೊಗರಿ ತೂಗಿದಂಗ ತೂಗಬ್ಯಾಡ್ರಿ.

ಮತ್ತ ‘ಒಬ್ಬನೂ ಸಾಯಲಿಲ್ಲ’ ಅನ್ನೋದೂ ಪೂರಾ ಅಲ್ಲ. ಅದೇ ಸಾಹಸಯಾತ್ರೆಯ ಇನ್ನೊಂದು ತಂಡ ಖಂಡದ ಆಚೆ ಬದಿಗೆ, ರಾಸ್ ಸಮುದ್ರದ ಕಡಿ, ಇವರ ಸಲುವಾಗಿ ಆಹಾರ ಕೂಡಿಡಲಿಕ್ಕೆ ಹೋಗಿತ್ತು. ಅದರಾಗ ಮೂವರು ಸತ್ತಾರ. ಬರದೇ ಹೋದ ಮಂದಿ ಸಲುವಾಗಿ ಆಹಾರ ಹೊತ್ತು ಸತ್ತವರು ಅವರು. ಅವರ ಹೆಸರು ಯಾರೂ ಎತ್ತಂಗಿಲ್ಲ.

ಗಂಜ್ ವ್ಯಾಪಾರಿ, ಕಲಬುರಗಿ:
ನಾನು ಹೇಳಿದ್ದು ಹಡಗಿನ 28 ಮಂದಿ ಸುದ್ದಿ. ಅದರಾಗ ಒಂದು ಅಕ್ಷರ ತಪ್ಪಿದ್ರ ತೋರಿಸ್ರಿ. ತೊಗರಿ ತೂಗೂದು ನಮ್ಮ ಅನ್ನ, ಅದನ್ನ ಎಳೀಬ್ಯಾಡ್ರಿ.

ಬ್ರಹ್ಮಪುರ ಅಕ್ಕ, ಕಲಬುರಗಿ:
ನಾನು ಸೋತ ಕಥಿ ಹೇಳತೀನಿ, ಇನ್ನೊಬ್ಬರಾದ್ರೂ ಉಳೀಲಿ.

ಮಗಳು ಆರನೇ ಕ್ಲಾಸಿನ್ಯಾಗ ಇದ್ದಾಗ ಟೈ ಕಟ್ಟಿದ ಹುಡುಗ ಮನಿ ಬಾಗಿಲಿಗೆ ಬಂದ. ಜಗತ್ತಿನ ಸಾಹಸ ಕಥೆಗಳು, ಇಂಗ್ಲಿಷ್, 20 ಪುಸ್ತಕ, ಜೊತೆಗೆ ಸಿ.ಡಿ., ಗೋಡೆಗೆ ಹಚ್ಚೋ ಜಗತ್ತಿನ ನಕಾಶಿ. ತಿಂಗಳಿಗೆ 850ರಂತೆ 12 ಕಂತು. 10,200 ರೂಪಾಯಿ. ನನ್ನ ಹೊಲಿಗಿ ರೊಕ್ಕ, ಬ್ಲೌಸ್ ಒಂದಕ್ಕ ಆಗ 70 ತಗೋತಿದ್ದೆ. 146 ಬ್ಲೌಸ್ ಹೊಲದೀನಿ ಆ ಪೆಟ್ಟಿಗಿ ಸಲುವಾಗಿ, ಲೆಕ್ಕ ವಹಿಯಾಗ ಈಗೂ ಅದ. ಏಳನೇ ಕಂತಿನ್ಯಾಗ ಪೆಟ್ಟಿಗಿ ಬಂತು. ಬಿಚ್ಚಿ ನೋಡಿದ್ರ ಒಂದೊಂದು ಪುಸ್ತಕ 24 ಪುಟ! ರಾಬಿನ್ಸನ್ ಕ್ರೂಸೊ ದ್ವೀಪದಾಗ 28 ವರ್ಷ ಇದ್ದವ. ಅವ ಗಡಿಗಿ ಸುಟ್ಟದ್ದು, ಜೋಳದಂಗ ಕಾಳು ಬಿತ್ತಿ ಬೆಳಿ ತಗದದ್ದು, ಒಂದು ದೋಣಿ ಕೆತ್ತಿ ನೀರಿಗೆ ನೂಕಲಿಕ್ಕಾಗದೆ ಬಿಟ್ಟದ್ದು, ಏನೂ ಇಲ್ಲ ಅದರಾಗ. ಬಿರುಗಾಳಿ ಬಂತು, ಹೆಜ್ಜಿಗುರುತು ಕಂಡ, ಊರಿಗೆ ಬಂದ. ನಕಾಶಿ ಬರಲೇ ಇಲ್ಲ. ಮಗಳು ಎರಡು ಓದಿ ‘ಅವ್ವ, ಇದರಾಗ ಅವ ಏನು ತಿಂದ ಅಂತ ಬರದಿಲ್ಲ’ ಅಂದಳು. ಹೋದ ವರ್ಷ ರದ್ದಿಗೆ ಹಾಕಿದೆ. 14 ಕಿಲೋ, ಕಿಲೋಕ್ಕ 11, ಒಟ್ಟು 154 ರೂಪಾಯಿ. ಎರಡು ಬ್ಲೌಸಿನ ಕೂಲಿ ಸುದ್ದಾ ಅಲ್ಲ ಈಗ.

ಸಂಕ್ಷಿಪ್ತ ಅಂತ ಬರೆದದ್ದು ಏನೂ ತಗೋಬ್ಯಾಡ್ರಿ. ಕಂತಿಗೆ ಅಂತೂ ತಗೋಲೇಬ್ಯಾಡ್ರಿ.

ಶಹಾಗಂಜ್, ಬೀದರ್:
ಎಲ್ಲಾರೂ ಸೈಬೀರಿಯಾ, ದಕ್ಷಿಣ ಧ್ರುವ ಅಂತೀರಿ. ದೂರದೇಶದಿಂದ ನಮ್ಮ ಓಣಿಗೇ ಬಂದವನ ಬರಹ ಬಿಟ್ಟು ಇನ್ನೆಲ್ಲಿ ಹುಡಕತೀರಿ?

ಅಫನಾಸಿ ನಿಕಿತಿನ್. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ವೋಲ್ಗಾ ನದಿಯಾಗ ಹೊಂಟವನನ್ನ ಅಸ್ತ್ರಖಾನ್ ಹತ್ತಿರ ಸುಲಿಗಿ ಮಾಡಿದ್ರು. ಪರ್ಷಿಯಾ ದಾಟಿ, ಹೊರ್ಮುಜ್‌ನಿಂದ ಒಂದು ಕುದರಿ ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಕ್ಕ ಇಳದ. ಜುನ್ನರದಾಗ ಅಲ್ಲಿನ ಖಾನ ಕುದರಿ ಕಸಗೊಂಡು ‘ನಾಲ್ಕು ದಿನದಾಗ ನಮ್ಮ ಧರ್ಮಕ್ಕ ಬಾ, ಕುದರೀನೂ ಕೊಡತೀನಿ, ಸಾವಿರ ಚಿನ್ನದ ನಾಣ್ಯಾನೂ ಕೊಡತೀನಿ. ಬರದಿದ್ರ ಕುದರಿ ನನ್ನದು, ಮ್ಯಾಲ ಸಾವಿರ ದಂಡ’ ಅಂದ. ಖುರಾಸಾನದ ಒಬ್ಬ ಖ್ವಾಜಾ ನಡುವ ಬಂದು ಬಿಡಿಸಿದ. ಆಮ್ಯಾಲ 1470ರ ಆಸುಪಾಸು ನಮ್ಮ ಬೀದರಕ್ಕ ಬಂದ, ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ ಕಾಲದಾಗ. ಇಲ್ಲೇ ಆ ಕುದರಿ ಮಾರಿದ. ಒಂದು ವರ್ಷ ಅದನ್ನ ಸಾಕಲಿಕ್ಕೆ ಎಷ್ಟು ಖರ್ಚಾತು ಅಂತ ಬರದಿಟ್ಟಾನ.

ಸುಲಿಗಿಯಾಗ ಅವನ ಪುಸ್ತಕಾನೂ ಹೋಗಿದ್ವು. ಪುಸ್ತಕ ಇಲ್ಲದ್ದಕ್ಕ ತನ್ನ ಹಬ್ಬ ಯಾವತ್ತು ಬರತದ ಅನ್ನೋ ಲೆಕ್ಕ ತಪ್ಪಿಹೋತು, ಉಪವಾಸ ಯಾವಾಗ ಹಿಡೀಬೇಕೋ ತಿಳೀವಲ್ದು ಅಂತ ಅವ ಬರದದ್ದು ಓದಿದಾಗ ನಾನು ಚೌಬಾರಾ ಕಟ್ಟಿ ಮ್ಯಾಲ ಕುಂತು ಅತ್ತೀನಿ. ಬೀದರ ಬೀದಿಯಾಗ ಎರಡು ಮಾರು ಉದ್ದದ ಹಾವು ಹರದಾಡತಾವ ಅಂತ ಬರದಾನ. ಸುಲ್ತಾನ ಹಬ್ಬಕ್ಕ ಹೊಂಟಾಗ ಉಕ್ಕಿನ ಕವಚ ತೊಟ್ಟ 300 ಆನಿ. ಹಳ್ಳಿ ಮಂದಿ ಬಡತನ, ದೊಡ್ಡವರ ಐಷಾರಾಮ ಎರಡೂ ಬರದಾನ. ಆಳಂದದ ಸಂತಿ ಬರದಾನ! ಅಲಾವುದ್ದೀನ್ ಸಂತರ ನೆನಪಿನ ಜಾತ್ರಿ, ಹತ್ತು ದಿನ, 20,000 ಕುದರಿ ಮಾರಾಟಕ್ಕ ಬರತಾವ ಅಂತ. ನಮ್ಮ ಲಾಡ್ಲೆ ಮಶಾಯಿಕ್ ದರ್ಗಾ ಅದೇ, ಅವರ ಹೆಸರು ಅಲಾವುದ್ದೀನ್ ಅನ್ಸಾರಿ.

ಇಂಗ್ಲಿಷ್ ಅನುವಾದ 1857ರಷ್ಟು ಹಳೇದು, ಪುಕ್ಕಟೆ ಸಿಗತದ. ಪ್ರಿಂಟಿಗೆ ಪುಟಕ್ಕ 3ರಂಗ 96 ರೂಪಾಯಿ ಆತು. ಮಗನಿಗೆ ಇಂಗ್ಲಿಷ್ ಕಷ್ಟ ಆಗ್ತದಂತ 200 ಪುಟದ ನೋಟ್‌ಬುಕ್ಕಿನ್ಯಾಗ ನಾನೇ ಕನ್ನಡಕ್ಕ ಇಳಿಸೀನಿ, ಐದು ತಿಂಗಳು ಹಿಡೀತು. ರಾತ್ರಿ ಹತ್ತರ ನಂತರ, ಅಂಗಡಿ ಶಟರ್ ಇಳಿಸಿ.

ಸುರಪುರ ವಕೀಲ:
ಬೀದರ್ ಸಾಹೇಬರೆ, ಶ್ರಮ ದೊಡ್ಡದು, ಒಪ್ಪಿದೆ. ಆದರೆ ಅದು 30 ಪುಟದ ಟಿಪ್ಪಣಿ. ಒಂದು ಜೀವನವೇ ಬೇಕು ಅಂದರೆ ನಮ್ಮ ಸುರಪುರಕ್ಕೆ ಬರಬೇಕು. ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ, 15ನೇ ವಯಸ್ಸಿಗೆ ಹಡಗು ಹತ್ತಿ ಮುಂಬೈಗೆ ಬಂದ ಹುಡುಗ. ನಿಜಾಮನ ಸೇವೆ ಸೇರಿ, 1840ರ ದಶಕದಲ್ಲಿ ನಮ್ಮ ಸಂಸ್ಥಾನಕ್ಕೆ ಬಂದು ಹತ್ತು ವರ್ಷದ ಮೇಲಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ಇದೆ. 1876ರಲ್ಲಿ ತೀರಿಕೊಂಡ, ಮರುವರ್ಷ ಅವನ ಆತ್ಮಕಥೆ ಬಂತು. ಅದರ ಮರುಮುದ್ರಣಕ್ಕೆ 1,350 ಕೊಟ್ಟೆ, ಬಂದ ಪ್ರತಿಯಲ್ಲಿ 16 ಪುಟ ತಲೆಕೆಳಗು. ಹಿಂದಕ್ಕೆ ಕಳಿಸಿದೆ, ಕೊರಿಯರ್ 110 ನನ್ನದೇ, ಎರಡನೇ ಪ್ರತಿಗೆ ಏಳು ವಾರ. ಆದರೂ ನನ್ನ ಬಳಿ ಇರುವ ಪುಸ್ತಕಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಬಾಲಕ ರಾಜ ವೆಂಕಟಪ್ಪ ನಾಯಕನಿಗೆ ಲೆಕ್ಕ, ಇಂಗ್ಲಿಷ್ ಕಲಿಸಿದವ ಟೇಲರ್. ರಾಜ ಅವನನ್ನು ‘ಅಪ್ಪಾ’ ಅನ್ನುತ್ತಿದ್ದ.

ಯಾದಗಿರಿ ಹುಡುಗ:
ವಕೀಲರೆ, ‘ಅಪ್ಪಾ’ ಅಂತಿದ್ದ ಅಂತ ಬರದವನು ಯಾರು? ಟೇಲರೇ. ಮುಂದಿಂದೂ ಹೇಳ್ರಿ. 1858ರಾಗ ರಾಜ ಬ್ರಿಟಿಷರ ಮ್ಯಾಲ ತಿರುಗಿಬಿದ್ದ, ಸೆರಿ ಸಿಕ್ಕ, ಚೆಂಗಲ್ಪಟ್ಟಿಗೆ ಒಯ್ಯೋ ದಾರಿಯಾಗ ಗುಂಡು ತಾಗಿ ಸತ್ತ. 24 ವರ್ಷದ ಹುಡುಗ. ಸಂಸ್ಥಾನ ಕಸಗೊಂಡು ನಿಜಾಮನ ಕೈಗೆ ಕೊಟ್ರು. ನಮ್ಮಜ್ಜಿ ಆ ಸುದ್ದಿ ಬಂದಾಗೆಲ್ಲ ಸೆರಗು ಕಣ್ಣಿಗೆ ಹಚ್ಚತಿದ್ದಳು. ಅದು ನಿಮಗ ದೂರದೇಶದ ಸಾಹಸ. ಅವನ ಕಡಿಂದ ನೋಡಿದ್ರ ನಾವೇ ದೂರದೇಶ. ಏಳನೇ ಕ್ಲಾಸಿನ ಹುಡುಗಿಗೆ ಇದನ್ನ ಕೊಡಿಸೂದು ಅಂದ್ರ ಏನು ಕಲಿಸೂದು?

ಸುರಪುರ ವಕೀಲ:
ನಾನೂ ಆ ಊರಿನ ನೀರು ಕುಡಿದವನೇ ತಮ್ಮಾ. ರಾಜನ ಕಡೇ ದಿನದ ದುಃಖವನ್ನು ಟೇಲರ್ ಬರೆದಷ್ಟು ವಿವರವಾಗಿ ನಮ್ಮವರು ಯಾರೂ ಬರೆದಿಡಲಿಲ್ಲ. ಓದಿ, ಆಮೇಲೆ ಬೈಯಿರಿ. ಓದದೆ ಬೈಯುವವರ ಜೊತೆ ನಾನು ವಾದ ಮಾಡುವುದಿಲ್ಲ.

ಯಾದಗಿರಿ ಹುಡುಗ:
ಓದೀನಿ. ಜಿಲ್ಲಾ ಗ್ರಂಥಾಲಯದಾಗ ನಿಂತು, ಎರಡು ಸಲ. ಕೊಳ್ಳಲಿಕ್ಕೆ ನಂತಾವ 1,350 ಇದ್ದಿದ್ದಿಲ್ಲ.

ಶಹಾಗಂಜ್, ಬೀದರ್:
30 ಪುಟ ಅಂದ್ರಿ. ತೂಕದ ಮ್ಯಾಲ ಪುಸ್ತಕ ಅಳೀತಾರೇನು? ಕಿಲೋ ಲೆಕ್ಕದ್ದು ಮ್ಯಾಲ ಅಕ್ಕೋರು ಹೇಳ್ಯಾರ.

ಭೀಮಾ ದಂಡಿ, ಅಫಜಲಪುರ ತಾಲೂಕು:
ಜಗಳ ಆಮ್ಯಾಲ ಆಡ್ರಿ. ಪುಸ್ತಕ ಕೊಳ್ಳೂದು ಅರ್ಧ ಕೆಲಸ, ಇಡೂದು ಇನ್ನರ್ಧ. ಅದನ್ನ ಯಾರೂ ಹೇಳವಲ್ರಿ.

2020ರ ಫೆಬ್ರವರಿ 5ರಿಂದ 7, ಕಲಬುರಗಿ ವಿಶ್ವವಿದ್ಯಾಲಯದ ಬಯಲಾಗ 85ನೇ ಸಾಹಿತ್ಯ ಸಮ್ಮೇಳನ. ನಾನು ಮೂರೂ ದಿನ ಹೋಗೀನಿ, ಎರಡು ದಿನ ಬರೇ ಮಳಿಗಿ ಸುತ್ತೀನಿ. ತೇಜಸ್ವಿಯವರ ಮಿಲೆನಿಯಂ ಸರಣಿ 16 ಪುಸ್ತಕದಾಗ 11 ಸಿಕ್ಕವು, ಉಳಿದ ಐದು ಖಾಲಿ ಆಗಿದ್ವು. ರಿಯಾಯಿತಿ ಕಳದು 1,010 ರೂಪಾಯಿ. ಬಸ್ಸು, ಆಟೋ ಕೂಡಿ 240. ಮನ್ಯಾಗ ‘ಬೀಜಕ್ಕಂತ ಇಟ್ಟ ರೊಕ್ಕ’ ಅಂತ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಆದ್ರ ಹುಡುಗರು ಇಬ್ಬರೂ ಲಾಕ್‌ಡೌನ್ ಪೂರಾ ಅವನ್ನೇ ಓದಿದ್ರು. ಗ್ವಾಡ್ಯಾಗ ಫರ್ಸಿ ಕಲ್ಲು ಹಾಕಿ ಮಾಡ ಮಾಡಿಸಿದ್ದೆ, ಗೆದ್ದಲ ಹತ್ತಬಾರದಂತ. ಶಹಾಬಾದ್ ಕಲ್ಲು, ಗವಂಡಿ ಕೂಲಿ ಸೇರಿ 900.

ಅಕ್ಟೋಬರದಾಗ ಭೀಮಾ ಬಂತು. ಉಜನಿ ಡ್ಯಾಮಿನ ನೀರು ಬಿಟ್ಟಾರ, ಸೊನ್ನ ಬ್ಯಾರೇಜ್ ತುಂಬಿ ಹರೀತದ ಅಂತ ಡಂಗುರ ಹೊಡದ್ರು. ದನ ಬಿಚ್ಚಿ, ಅವ್ವನ್ನ ಹೊತ್ತು, ಜೋಳದ ಚೀಲ ಟ್ರ್ಯಾಕ್ಟರಿಗೆ ಹಾಕಿ ಹೊಂಟ್ವಿ. ಪುಸ್ತಕ ಮಾಡದಾಗ ಎದಿ ಎತ್ತರದಾಗ ಅವ, ಅಷ್ಟು ಏರಂಗಿಲ್ಲಂತ ತಿಳದೆ. ಆರನೇ ದಿನಕ್ಕ ತಿರುಗಿ ಬಂದಾಗ ಗ್ವಾಡಿ ಮ್ಯಾಲ ನೀರಿನ ಗೆರಿ ಮಾಡದಕಿಂತ ಒಂದು ಗೇಣು ಮ್ಯಾಲ. ‘ಪೆಸಿಫಿಕ್ ದ್ವೀಪಗಳು’ ಅನ್ನೋ ಪುಸ್ತಕ ಎತ್ತಿದ್ರ ಇಟ್ಟಂಗಿಯಷ್ಟು ತೂಕ. ಪುಟದ ನಡುವ ಭೀಮಾದ ಕರೀ ರಾಡಿ, ಸಣ್ಣ ಸಿಂಪಿನ ಚೂರು. ಸಣ್ಣ ಮಗ ಹಾಳೆಗೊಂದು ಬೇವಿನ ಕಡ್ಡಿ ಇಟ್ಟು ನೆರಳಾಗ ಒಣಗಿಸಿದ, 19 ದಿನ. ಬಿಸಲಿಗೆ ಇಟ್ಟವು ನಾಲ್ಕು ಸೊಟ್ಟ ಆಗಿ ಒಡದವು. ನೆರಳಾಗ ಇಟ್ಟವು ಮೂರು ಉಳದವು. ಬೀಗರ ಮನಿಗೆ ಎರವಲು ಹೋದವು ಎರಡು ಉಳದವು. ಎರಡು ಪೂರಾ ಹೋದವು.

ಎರವಲು ಕೊಡ್ರಿ. ಮನ್ಯಾಗ ಎಲ್ಲಾ ಒಂದೇ ಕಡಿ ಇಡಬ್ಯಾಡ್ರಿ. ಇದು ನಾನು ಕಂಡದ್ದು.

ಸೇಡಂ ಮಾಸ್ತರ:
ಎರವಲು ಕೊಟ್ಟು ನಾನು ಕಳಕೊಂಡೀನಿ.

ಶಹಾಪುರ ಅವ್ವ:
ನೀವೆಲ್ಲಾ ಪುಸ್ತಕಕ್ಕ ಏನಾತು ಅಂತ ಹೇಳತೀರಿ. ಪುಸ್ತಕದಿಂದ ನನ್ನ ಮಗನಿಗೆ ಏನಾತು ಅಂತ ನಾನು ಹೇಳತೀನಿ.

ಒಂಬತ್ತನೇ ಕ್ಲಾಸಿನ್ಯಾಗ ಇಂಗ್ಲಿಷ್ ಭಾಷಣಕ್ಕ ಬಹುಮಾನ ಅಂತ ಕಾನ್-ಟಿಕಿ ಪುಸ್ತಕ ಕೊಟ್ರು. ನಾರ್ವೆಯ ಥಾರ್ ಹೆಯರ್‌ಡಾಲ್ ಅನ್ನಾವ 1947ರಾಗ ಐದು ಮಂದಿ ಸಂಗಾತಿಗಳ ಜೊತಿಗೆ ಕಟ್ಟಿಗಿ ತೆಪ್ಪದ ಮ್ಯಾಲ ಪೆರು ದೇಶದಿಂದ 101 ದಿನ ತೇಲಿ ಪೆಸಿಫಿಕ್ ದಾಟಿದ್ದು. ಮೊಳಿ ಇಲ್ಲ, ತಂತಿ ಇಲ್ಲ, ಬರೇ ನಾರಿನ ಹಗ್ಗ. ನನ್ನ ಮಗ ಅದನ್ನ ಉಣ್ಣುವಾಗೂ ಬಿಡಲಿಲ್ಲ. ಮೇ ರಜಾದಾಗ ಮೂರು ಹುಡುಗರು ಕೂಡಿ ಕೆರಿಗೆ ಹೋಗ್ಯಾರ. ತೊಗರಿ ಕಟ್ಟಿಗಿ ಹೊರಿ ಕಟ್ಟಿ ತೆಪ್ಪ. ಒಬ್ಬ ಹುಡುಗ ಪ್ಲಾಸ್ಟಿಕ್ ಹಗ್ಗ ತಂದ್ರ ನನ್ನ ಮಗ ಬ್ಯಾಡಂದು, ಅಜ್ಜ ಹೊಸದ ಪುಂಡಿ ನಾರಿನ ಹಗ್ಗಾನೇ ಒಯ್ದಾನ, ಪುಸ್ತಕದಾಗ ಹಂಗೇ ಅದ ಅಂತ. ಗಂಟು ಒಂದೂ ಬಿಚ್ಚಲಿಲ್ಲಂತ. ನಡುಗೆರಿಗೆ ಹೋದಾಗ ಕಟ್ಟಿಗಿ ನೀರು ಕುಡದು ಇಳೀಲಿಕ್ಕೆ ಹತ್ಯಾವ. ಕುರಿ ಕಾಯೋ ಮುದುಕ ತನ್ನ ರುಮಾಲು ಬಿಚ್ಚಿ ಎಸದು ಎಳದಾನ. ಮೂವರಾಗ ಕಡೀಕ ಬಂದವ ನನ್ನ ಮಗ. ದವಾಖಾನಿಗೆ 4,200. ಮುದುಕನಿಗೆ ಧೋತರ, ರುಮಾಲು, 500 ರೂಪಾಯಿ ಕೊಟ್ಟು ಕಾಲಿಗೆ ಬಿದ್ದೀನಿ. ಆ ಪುಸ್ತಕ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕೀನಿ, ಈಗ ನಾಲ್ಕು ವರ್ಷ.

ಗಂಜ್ ವ್ಯಾಪಾರಿ, ಕಲಬುರಗಿ:
ಅಕ್ಕಾ, ಹುಡುಗ ಉಳದದ್ದು ದೇವರ ದಯಾ. ಆದ್ರ ಪುಸ್ತಕ ಏನು ತಪ್ಪು ಮಾಡ್ಯದ? ಅವರು ತಗೊಂಡದ್ದು ಬಾಲ್ಸಾ ಮರ, ಅದೂ ಹಸೀದು, ಒಂಬತ್ತು ದೊಡ್ಡ ದಿಮ್ಮಿ. ಒಳಗ ರಸ ತುಂಬಿದ್ದಕ್ಕ ಸಮುದ್ರದ ನೀರು ಲಗೂನ ಹೀರಲಿಲ್ಲ. ಒಣಾ ಕಟ್ಟಿಗಿ ಇದ್ದಿದ್ರ ಅವರೂ ಮುಳಗತಿದ್ರು. ತೊಗರಿ ಕಟ್ಟಿಗಿ ಮೇ ತಿಂಗಳಾಗ ಪೂರಾ ಒಣಾ...

ಶಹಾಪುರ ಅವ್ವ:
ನನ್ನ ಮಗ ನೀರಾಗ ಮುಳಗತಿದ್ದ, ನೀವು ಕಟ್ಟಿಗಿ ಹಸೀದೋ ಒಣಾದೋ ಅಂತ ಲೆಕ್ಕ ಹೇಳತೀರೇನಣ್ಣಾ? ನಿಮ್ಮ ಗೋದಾಮಿನ ನುಸಿಗೆ ನೀವು ಎಷ್ಟು ದಿನ ನಿದ್ದಿ ಬಿಟ್ರಿ? ನಾನು ಈಗೂ ಮಳಿಗಾಲ ಬಂದ್ರ ಕೆರಿ ದಾರಿ ಹಿಡಿಯಂಗಿಲ್ಲ.

ಗಂಜ್ ವ್ಯಾಪಾರಿ, ಕಲಬುರಗಿ:
ತಪ್ಪಾತು ಅಕ್ಕಾ. ನನ್ನ ಮಾತು ಹಿಂದಕ್ಕ ತಗೊಂಡೀನಿ.

ಬ್ರಹ್ಮಪುರ ಅಕ್ಕ, ಕಲಬುರಗಿ:
ಶಹಾಪುರ ಅಕ್ಕಾ, ನಿಮ್ಮ ಸಂಕಟ ನನಗ ತಿಳೀತದ. ಆದ್ರೂ ಕೇಳತೀನಿ, ಮಗ ಈಗ ಏನು ಓದತಾನ?

ಶಹಾಪುರ ಅವ್ವ:
ಏನೂ ಇಲ್ಲ. ಮೊಬೈಲ್. ಅದ ನನಗ ಹೆಚ್ಚು ಹತ್ತಿದ್ದು.

ಹುಮನಾಬಾದ್, ಹಿಂದ ದಮ್ಮಾಮ್:
ಎಲ್ಲಾ ಓದಿದೆ. ದೂರದೇಶ ಓದಿದವರು ನೀವು, ಇದ್ದು ಬಂದವ ನಾನು. 2008ರಿಂದ 2016, ಸೌದಿ, ಗೌಂಡಿ ಕೆಲಸ. ಏಜೆಂಟಿಗೆ 85,000, ಅದರಾಗ 60,000 ಸಾಲ, ನೂರಕ್ಕ ಮೂರು ಬಡ್ಡಿ. ಮೂರು ವರ್ಷ ಬಡ್ಡೀನೇ ಕಟ್ಟೀನಿ. ಹೋದ ದಿನಾನೇ ಪಾಸ್‌ಪೋರ್ಟ್ ಕಂಪನಿಯವರು ಇಸಕೊಂಡ್ರು. ಒಂದು ಖೋಲಿಯಾಗ ಎಂಟು ಮಂದಿ, ಎರಡಂತಸ್ತಿನ ಮಂಚ.

ನನ್ನ ಚೀಲದಾಗ ಇದ್ದದ್ದು ‘ಅಮೆರಿಕದಲ್ಲಿ ಗೊರೂರು’. ಅಣ್ಣ ಓದಲಿಕ್ಕಂತ ಕೊಟ್ಟಿದ್ದ. ಅದಕ್ಕ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದಂತ ಆಮ್ಯಾಲ ತಿಳೀತು. ಎಂಟು ವರ್ಷದಾಗ ಎಷ್ಟು ಸಲ ಓದೀನೋ ಲೆಕ್ಕ ಇಲ್ಲ. ಶುಕ್ರವಾರ ಸುಟ್ಟಿ, ಬಟ್ಟಿ ಒಗದು ಮಂಚದ ಮ್ಯಾಲ ಕುಂತು ದೊಡ್ಡದಾಗಿ ಓದತಿದ್ದೆ. ಭಾಲ್ಕಿಯವ, ಜಹೀರಾಬಾದಿನವ, ಔರಾದಿನವರು ಇಬ್ಬರು ಕೇಳತಿದ್ರು. ಜಹೀರಾಬಾದಿನವನಿಗೆ ಕನ್ನಡ ಅರ್ಧಂಬರ್ಧ, ಆದ್ರೂ ನಿಲ್ಲಸಗೊಡತಿದ್ದಿಲ್ಲ. ಪುಸ್ತಕದ ಅಂಚಿಗೆ ಸಿಮೆಂಟಿನ ಬೆರಳಿನ ಗುರುತು ಈಗೂ ಅವ.

ನನ್ನ ಕೇಳ್ವಿ ಇಷ್ಟ. ಗೊರೂರರು ಅಮೆರಿಕಕ್ಕ ಹೋಗಿದ್ರು, ಕಾರಂತರು ‘ಅಪೂರ್ವ ಪಶ್ಚಿಮ’ ಬರದ್ರು, ದೊಡ್ಡವರು. ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರು ಜಿಲ್ಲಾದಿಂದ ಮುಂಬೈ, ಪುಣೆ, ದುಬೈ, ದಮ್ಮಾಮ್ ಅಂತ ಗಂಟು ಕಟ್ಟಿಕೊಂಡು ಹೋದವರ ಪುಸ್ತಕ ಎಲ್ಲದ? 48 ಡಿಗ್ರಿ ಬಿಸಲಾಗ ಸರಳು ಕಟ್ಟೂದು ಹೆಂಗ, ಮರಳಗಾಳಿ ಬಂದ್ರ ಅನ್ನದ ಡಬ್ಬಿ ಎಲ್ಲಿ ಇಡೂದು, ಊರಾಗ ಅಪ್ಪ ಸತ್ತಾಗ ಪಾಸ್‌ಪೋರ್ಟ್ ಸಿಗದೆ 23 ದಿನ ಕಾದದ್ದು ಹೆಂಗ? ಮಾಸ್ತರ್ರೆ, ನಿಮ್ಮ ಸೈಬೀರಿಯಾದವ ಖರೇ ನಡದಾನೋ ಇಲ್ಲೋ ಗೊತ್ತಿಲ್ಲ. ನಾನು ಖರೇ ಇದ್ದು ಬಂದೀನಿ.

ಸೇಡಂ ಮಾಸ್ತರ:
ಬರದಿಟ್ಟೀರೇನಪಾ?

ಹುಮನಾಬಾದ್, ಹಿಂದ ದಮ್ಮಾಮ್:
ಮೂರು ಡೈರಿ ಅವ. ಮೊದಲಿಂದು ಪೂರಾ, ಉಳಿದವು ಅಲ್ಲಲ್ಲಿ.

ಸೇಡಂ ಮಾಸ್ತರ:
ಕೊಟ್ರ ಅಕ್ಷರ ತಿದ್ದಿ ಕೊಡತೀನಿ. ರೊಕ್ಕ ಬ್ಯಾಡ. ಒಂದು ಮಾತು ಸುದ್ದಾ ನನ್ನ ಕಡಿಂದ ಸೇರಸಂಗಿಲ್ಲ.

ಬಸವಕಲ್ಯಾಣ ಗ್ರಂಥಪಾಲಕಿ:
ವಾಡಿ ತಾಯಿಯವರ ಪ್ರಶ್ನೆ ಎಲ್ಲರೂ ಮರೆತಿರಿ. ಹುಡುಗಿ ಏಳನೇ ಕ್ಲಾಸು, ಕನ್ನಡ, ಸಾವು ಓದಿದರೆ ನಿದ್ದೆ ಬರುವುದಿಲ್ಲ. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಕೊಡಿ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಹೆಣ್ಣುಮಗಳು ದೂರದ ಪೆರುವಿಗೆ ಹೋಗಿ, ಇಂಕಾ ಜನರ ಮಚು ಪಿಚು ನೋಡಿ ಬರೆದದ್ದು. ನಮ್ಮ ಗ್ರಂಥಾಲಯದ ಪ್ರತಿ ಎರಡು ಸಲ ಬೈಂಡ್ ಮಾಡಿಸಿದ್ದೇನೆ, ಎರಡೂ ಸಲ ನನ್ನ ಕೈಯಿಂದ 120. ಒಯ್ದವರಲ್ಲಿ ಹುಡುಗಿಯರೇ ಹೆಚ್ಚು. ಒಬ್ಬಳು ಅದರ ಮಧ್ಯೆ ತನ್ನ ಊರಿಂದ ಪೆರುವಿಗೆ ಗೆರೆ ಎಳೆದ ನಕ್ಷೆ ಬಿಟ್ಟುಹೋಗಿದ್ದಳು. ಅದನ್ನು ತೆಗೆಯದೆ ಅಲ್ಲೇ ಇಟ್ಟಿದ್ದೇನೆ. ಜೈಲಿನಿಂದ ತಪ್ಪಿಸಿಕೊಂಡ ಫ್ರೆಂಚ್ ಕೈದಿ ಬರೆದ ‘ಪ್ಯಾಪಿಲಾನ್’ ಮಾತ್ರ ಈಗಲೇ ಬೇಡ. ಜೈಲಿನ ಕ್ರೌರ್ಯ ಅದರಲ್ಲಿ ಬಹಳ, ಇನ್ನು ನಾಲ್ಕು ವರ್ಷ ಹೋಗಲಿ.

ಸುರಪುರ ವಕೀಲ:
ಪ್ಯಾಪಿಲಾನ್ ಕೂಡ ಪೂರ್ತಿ ನಿಜವಲ್ಲ ಅನ್ನುವ ವಾದ ಇದೆ, ಮಾಸ್ತರರು ಗಮನಿಸಬೇಕು.

ಸೇಡಂ ಮಾಸ್ತರ:
ಗಮನಿಸೀನಿ ವಕೀಲರೆ. ಅದನ್ನ ನಾನು ತರಗತಿಯಾಗ ಎಂದೂ ಓದಿಲ್ಲ.

ವಾಡಿ ತಾಯಿ:
ಎಲ್ಲರಿಗೂ ಶರಣು. ಮಗಳನ್ನ ಬಾಜೂ ಕೂಡಿಸಿಕೊಂಡು ಎಲ್ಲಾ ಓದೀನಿ, ಶಹಾಪುರ ಅಕ್ಕಂದು ಮಾತ್ರ ನಾನೊಬ್ಬಾಕೆ ಓದಿದೆ. ಪೆರುವಿನ ಪುಸ್ತಕ ಕಲಬುರಗಿಯಾಗ ಹೇಳಿಟ್ಟೀನಿ, ಮಂಗಳವಾರ ಬರತದಂತ. ಭೀಮಾ ದಂಡಿ ಅಣ್ಣಾರು ಹೇಳಿದಂಗ ಹಂಚಿ ಇಡತೀನಿ, ಎರಡು ನಮ್ಮ ತವರಿಗೆ ಕಳಸ್ತೀನಿ.

ಬೀದರ್ ಅಣ್ಣಾರೆ, ಆ ನೋಟ್‌ಬುಕ್ಕು ಝೆರಾಕ್ಸ್ ಮಾಡಿಸಲಿಕ್ಕೆ ಕೊಡತೀರೇನು? ಪುಸ್ತಕ ಹೋಗಿ ಹಬ್ಬದ ಲೆಕ್ಕ ತಪ್ಪಿದವಂದು ಪೂರಾ ಬೇಕಂತಾಳ. ರೊಕ್ಕ ಕೊಡತೀನಿ. ಅಕಿ ಕೇಳಾಕತ್ಯಾಳ, ಅವ ಕಡೀಕ ಊರು ಮುಟ್ಟಿದನೇನು?

ಶಹಾಗಂಜ್, ಬೀದರ್:
ತಂಗಿ, ತ್ವೇರ್ ಮುಟ್ಟಲಿಲ್ಲ. ದಾರಿಯಾಗ ಸ್ಮೊಲೆನ್‌ಸ್ಕ್ ಊರಿಗೆ ಬರೂಕಿಂತ ಮೊದಲೇ ತೀರಿಕೊಂಡ. ಬರದ ವಹಿ ಮಾತ್ರ ವ್ಯಾಪಾರಿಗಳ ಕೈಯಾಗ ಮಾಸ್ಕೋ ಮುಟ್ಟಿತು. ಅಕಿಗೆ ಇದನ್ನ ಹೇಳೂದೋ ಬಿಡೂದೋ ನೀವೇ ನೋಡ್ರಿ. ನೋಟ್‌ಬುಕ್ಕಿನ ಕಡೇ ಎರಡು ಪುಟ ಅದೇ ಅದ, ಬೇಕಿದ್ರ ಅವನ್ನ ಬಿಟ್ಟು ಝೆರಾಕ್ಸ್ ಮಾಡಿಸ್ತೀನಿ. ರೊಕ್ಕ ಬ್ಯಾಡ. ಭಾನುವಾರ ಕಲಬುರಗಿಗೆ ಬರಾಂವ ಇದೀನಿ, ಹನ್ನೊಂದಕ್ಕ ಕೇಂದ್ರ ಬಸ್ ಸ್ಟ್ಯಾಂಡಿನ ಬೀದರ್ ಪ್ಲಾಟ್‌ಫಾರ್ಮ್ ಹತ್ತಿರ ಇರತೀನಿ.

ವಾಡಿ ತಾಯಿ:
ಬಿಡಬ್ಯಾಡ್ರಿ ಅಣ್ಣಾರೆ, ಪೂರಾ ಮಾಡಿಸ್ರಿ. ಮುಂಜಾನಿ ಗಾಡಿಗೆ ಇಬ್ಬರೂ ಬರತೀವಿ.